ಡೇಟಾಬೇಸ್‌ನಿಂದ ಪ್ರಿಂಟ್ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೆರೆಯ ಮೇಲೆ ಎಲ್ಲ ಸರಿ ಕಾಣುತ್ತದೆ. ಪ್ರಿಂಟ್ ಕೊಟ್ಟರೆ ಕೊನೆಯ ಕಾಲಂ ಇನ್ನೊಂದು ಹಾಳೆಗೆ ಹೋಗಿರುತ್ತದೆ, ಮೊತ್ತ ಎರಡು ಪಟ್ಟಾಗಿರುತ್ತದೆ, ನಡುನಡುವೆ ಖಾಲಿ ಪುಟ ಬೇರೆ. ಎಲ್ಲರೂ ಮೊದಲು ಬೈಯುವುದು ಪ್ರಿಂಟರ್‌ಗೆ. ಆದರೆ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಪ್ರಿಂಟರ್‌ಗೆ ತಲುಪುವ ಮೊದಲೇ ಹುಟ್ಟಿರುತ್ತವೆ. ಒಂದೋ ಕ್ವೆರಿಯಲ್ಲಿ (ಟೇಬಲ್ಲಿನಿಂದ ಬೇಕಾದ ಮಾಹಿತಿಯನ್ನು ಆರಿಸಿ ತೆಗೆಯುವ ಆದೇಶ), ಇಲ್ಲವೇ ರಿಪೋರ್ಟಿನ (ಅಚ್ಚಿಗೆಂದು ಮಾಹಿತಿಯನ್ನು ಜೋಡಿಸಿಟ್ಟ ಪುಟವಿನ್ಯಾಸ) ಅಳತೆಯಲ್ಲಿ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ಆಕ್ಸೆಸ್ ಬಳಸುವವರಿಗೆ. ಲಿಬ್ರೆಆಫೀಸ್ ಬೇಸ್ ಮತ್ತು ಮೈಎಸ್‌ಕ್ಯೂಎಲ್ ಬಳಸುವವರು ಕೊನೆಯ ಭಾಗವನ್ನೂ ನೋಡಿ.

ರಿಪೋರ್ಟ್ ಗಿಪೋರ್ಟ್ ಎಲ್ಲ ಯಾಕೆ? ಟೇಬಲ್ ತೆರೆದು ನೇರವಾಗಿ ಪ್ರಿಂಟ್ ಕೊಟ್ಟರೆ ಆಗಲ್ವಾ?

ಆಗುತ್ತದೆ. ನೀವೊಬ್ಬರೇ ಕೂತು ತಾಳೆ ನೋಡುವುದಕ್ಕೆ ಅಷ್ಟು ಸಾಕು. ಮೇಲೆ ಟೇಬಲ್ಲಿನ ಹೆಸರು ಮತ್ತು ತಾರೀಕು, ಕೆಳಗೆ ಪುಟ ಸಂಖ್ಯೆ, ನಡುವೆ ಗೆರೆ ಹಾಕಿದ ಚೌಕಗಳು. ಆದರೆ ತೆರೆಯ ಮೇಲೆ ಕಾಲಂ ಎಷ್ಟು ಅಗಲ ಇದೆಯೋ ಕಾಗದದ ಮೇಲೂ ಅಷ್ಟೇ. ಚೌಕದಲ್ಲಿ ಹಿಡಿಸದ ಪದಗಳು ಕತ್ತರಿಸಿ ಹೋಗುತ್ತವೆ, ಪುಟದಲ್ಲಿ ಹಿಡಿಸದ ಕಾಲಂಗಳು ಬೇರೆ ಹಾಳೆಗೆ ಹೋಗುತ್ತವೆ. ಬೇರೆಯವರ ಕೈಗೆ ಕೊಡುವ ಕಾಗದ ಆದರೆ ರಿಪೋರ್ಟ್ ಮಾಡುವುದೇ ಒಳ್ಳೆಯದು.

ಫಾರ್ಮ್‌ನಲ್ಲಿ ಒಂದು ರೆಕಾರ್ಡ್ ನೋಡುತ್ತಾ ಪ್ರಿಂಟ್ ಕೊಟ್ಟೆ. ಎಲ್ಲ ರೆಕಾರ್ಡ್‌ಗಳೂ ಬರತೊಡಗಿದವು!

ಫಾರ್ಮ್‌ಗೆ ಪ್ರಿಂಟ್ ಕೊಟ್ಟರೆ ಅದರ ಹಿಂದಿರುವ ಎಲ್ಲ ರೆಕಾರ್ಡ್‌ಗಳೂ, ಅಂದರೆ ಟೇಬಲ್ಲಿನ ಎಲ್ಲ ಸಾಲುಗಳೂ, ಅಚ್ಚಾಗುತ್ತವೆ. ನೀವು ನೋಡುತ್ತಿರುವುದು ಒಂದೇ ಆದರೂ ಅದು ಲೆಕ್ಕಕ್ಕಿಲ್ಲ. ಸದ್ಯಕ್ಕೆ ಬೇಕಾದರೆ ಪ್ರಿಂಟ್ ಪೆಟ್ಟಿಗೆಯಲ್ಲಿ 'ಸೆಲೆಕ್ಟೆಡ್ ರೆಕಾರ್ಡ್ಸ್' ಆರಿಸಿಕೊಳ್ಳಿ. 'ಕ್ವಿಕ್ ಪ್ರಿಂಟ್' ಒತ್ತಬೇಡಿ, ಅದು ಏನನ್ನೂ ಕೇಳದೆ ಕಳಿಸಿಬಿಡುತ್ತದೆ.

ಪದೇ ಪದೇ ಮಾಡುವ ಕೆಲಸವಾದರೆ ಒಂದು ರಿಪೋರ್ಟ್ ಮಾಡಿ, ಫಾರ್ಮ್‌ನಲ್ಲಿ ಒಂದು ಬಟನ್ ಇಡಿ. ಬಟನ್ ಒತ್ತಿದಾಗ 'ಓಪನ್ ರಿಪೋರ್ಟ್' ಆದೇಶ ನಡೆಯಲಿ. ಅದರ 'ವೇರ್ ಕಂಡಿಷನ್' ಜಾಗದಲ್ಲಿ 'ರಿಪೋರ್ಟಿನ ಐಡಿ, ಈ ಫಾರ್ಮ್‌ನ ಐಡಿಗೆ ಸಮ' ಎಂಬ ಷರತ್ತು ಕೊಡಿ. ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಕೋಡ್‌ನಲ್ಲಿ ಬರೆಯುವಾಗ ಪ್ರಿವ್ಯೂ ಬೇಕು ಎಂದು ಹೇಳದಿದ್ದರೆ ಈ ಆದೇಶ ನೇರವಾಗಿ ಪ್ರಿಂಟರ್‌ಗೇ ಹೋಗುತ್ತದೆ. ಎರಡು, ರಿಪೋರ್ಟ್ ಓದುವುದು ಟೇಬಲ್ಲಿನಲ್ಲಿ ಉಳಿಸಿರುವ ಮಾಹಿತಿಯನ್ನು, ಫಾರ್ಮ್‌ನಲ್ಲಿ ಈಗ ತಾನೇ ಟೈಪ್ ಮಾಡಿದ್ದನ್ನಲ್ಲ. ಆದ್ದರಿಂದ ಬಟನ್ನಿನ ಮೊದಲ ಕೆಲಸ ರೆಕಾರ್ಡ್ ಉಳಿಸುವುದು ಆಗಿರಬೇಕು. 'ವಿಳಾಸ ತಿದ್ದಿದೆ, ಆದರೂ ಹಳೆಯದೇ ಬಂತು' ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಡಿಸೈನ್ ವ್ಯೂನಲ್ಲಿ ಕಾಣುವ ಅಡ್ಡ ಪಟ್ಟಿಗಳು ಏನು?

ಡಿಸೈನ್ ವ್ಯೂ ಎಂದರೆ ರಿಪೋರ್ಟಿನ ವಿನ್ಯಾಸ ತಿದ್ದುವ ಕಿಟಕಿ. ಅಲ್ಲಿನ ಒಂದೊಂದು ಪಟ್ಟಿಯೂ 'ನಾನು ಎಷ್ಟು ಸಲ ಅಚ್ಚಾಗಬೇಕು' ಎಂದು ಹೇಳುತ್ತದೆ. ರಿಪೋರ್ಟ್ ಹೆಡರ್ ಇಡೀ ರಿಪೋರ್ಟಿಗೆ ಒಂದೇ ಸಲ, ಶುರುವಿನಲ್ಲಿ. ಪೇಜ್ ಹೆಡರ್ ಪ್ರತಿ ಪುಟದ ತಲೆಯಲ್ಲಿ. ಗ್ರೂಪ್ ಹೆಡರ್ ಪ್ರತಿ ಗುಂಪು ಶುರುವಾದಾಗ. ಡೀಟೇಲ್ ಪ್ರತಿ ರೆಕಾರ್ಡಿಗೂ ಒಂದು ಸಲ. ಫೂಟರ್‌ಗಳು ಇದೇ ರೀತಿ ಮುಗಿಯುವ ಕಡೆ. ಇಷ್ಟು ತಲೆಗೆ ಹೋದರೆ ರಿಪೋರ್ಟ್ ಮಾಡುವುದರಲ್ಲಿ ಅರ್ಧ ಕಲಿತ ಹಾಗೆ. ಕಾಲಂ ಶೀರ್ಷಿಕೆ ಪ್ರತಿ ಸಾಲಿನ ಮೇಲೂ ಬರುತ್ತಿದೆಯೇ? ಅದನ್ನು ಡೀಟೇಲ್ ಪಟ್ಟಿಯಲ್ಲಿ ಇಟ್ಟಿದ್ದೀರಿ. ಪೇಜ್ ಹೆಡರ್‌ಗೆ ಎಳೆದು ಹಾಕಿ.

ಇದೇನೂ ಹೊಸ ವಿಚಾರವಲ್ಲ. ರಿಪೋರ್ಟ್ ತೆಗೆಯುವುದಕ್ಕೆಂದೇ ಐಬಿಎಂ 1959ರಲ್ಲಿ ಆರ್‌ಪಿಜಿ ಎಂಬ ಭಾಷೆ ತಂದಿತ್ತು. ತಲೆಬರಹ, ಸಾಲುಗಳು, ಮೊತ್ತ ಎಂದು ಪುಟವನ್ನು ವಿಂಗಡಿಸುವ ಪದ್ಧತಿ ಅಷ್ಟು ಹಳೆಯದು.

ಒಂದು ಪುಟ ಬಂದ ಮೇಲೆ ಒಂದು ಖಾಲಿ ಪುಟ ಬರುತ್ತಿದೆ. ಯಾಕೆ?

ಲೆಕ್ಕ ಹಾಕಿ ನೋಡಿ. ಎ4 ಹಾಳೆಯ ಅಗಲ 21 ಸೆಂ.ಮೀ. ಎಡಕ್ಕೆ 2, ಬಲಕ್ಕೆ 2 ಮಾರ್ಜಿನ್ ಬಿಟ್ಟರೆ ಉಳಿಯುವುದು 17. ನಿಮ್ಮ ರಿಪೋರ್ಟಿನ ಅಗಲ 17.4 ಇದ್ದರೆ ಆ 0.4 ಸೆಂ.ಮೀ. ಹಿಡಿಸುವುದಿಲ್ಲ. ಅದಕ್ಕೆಂದೇ ಇನ್ನೊಂದು ಹಾಳೆ ಹೊರಬರುತ್ತದೆ. ಆ 0.4 ಸೆಂ.ಮೀ. ಜಾಗದಲ್ಲಿ ಏನೂ ಇಲ್ಲದ ಕಾರಣ ಹಾಳೆ ಖಾಲಿ ಕಾಣುತ್ತದೆ.

ಅಗಲವನ್ನು 17 ಎಂದು ತಿದ್ದಿದರೂ ಮತ್ತೆ 17.4ಕ್ಕೇ ವಾಪಸ್ ಹೋಗುತ್ತದೆಯೇ? ಹಾಗಾದರೆ ಯಾವುದೋ ಒಂದು ವಸ್ತು ಅಲ್ಲಿವರೆಗೆ ಚಾಚಿಕೊಂಡಿದೆ. ಹೆಚ್ಚಾಗಿ ಸಿಕ್ಕಿಬೀಳುವುದು ತಲೆಬರಹದ ಕೆಳಗಿನ ಅಡ್ಡಗೆರೆ, ಇಲ್ಲವೇ ಪೇಜ್ ಫೂಟರ್‌ನ ಮೂಲೆಯಲ್ಲಿ ಕೂತ ಪುಟ ಸಂಖ್ಯೆಯ ಪೆಟ್ಟಿಗೆ. ಮೊದಲು ಅದನ್ನು ಕುಗ್ಗಿಸಿ, ಆಮೇಲೆ ಅಗಲ ತಿದ್ದಿ. ಡಿಸೈನ್ ವ್ಯೂನ ಎಡ ಮೇಲ್ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಕಂಡರೆ ಅದು ಎಚ್ಚರಿಕೆ. ಒತ್ತಿ ನೋಡಿದರೆ ರಿಪೋರ್ಟ್ ಪುಟಕ್ಕಿಂತ ಅಗಲ ಇದೆ ಎಂದು ಅದೇ ಹೇಳುತ್ತದೆ.

ಖಾಲಿ ಪುಟ ಕೊನೆಯಲ್ಲಿ ಮಾತ್ರ ಬರುತ್ತಿದ್ದರೆ ಕಾರಣ ಬೇರೆ. ಖಾಲಿ ರಿಪೋರ್ಟ್ ಫೂಟರ್‌ಗೆ ಸುಮ್ನೆ ಎತ್ತರ ಕೊಟ್ಟಿರುತ್ತೀರಿ, ಅಥವಾ ಕೊನೆಯಲ್ಲಿ ಪೇಜ್ ಬ್ರೇಕ್ ಉಳಿದಿರುತ್ತದೆ.

ನನ್ನ ಕಂಪ್ಯೂಟರ್‌ನಲ್ಲಿ ಸರಿ ಬರುತ್ತದೆ, ಬೇರೆಯವರ ಕಂಪ್ಯೂಟರ್‌ನಲ್ಲಿ ಕೆಡುತ್ತದೆ.

ಕಾಗದದ ಅಳತೆ ನೋಡಿ. ಎ4 ಅಂದರೆ 210 × 297 ಮಿ.ಮೀ. ಲೆಟರ್ ಅಂದರೆ ಸುಮಾರು 216 × 279. ಲೆಟರ್‌ಗೆ ಹೊಂದಿಸಿದ ರಿಪೋರ್ಟ್ ಎ4ಗೆ ಬಂದಾಗ ಅಗಲದಲ್ಲಿ 6 ಮಿ.ಮೀ. ಕಡಿಮೆ ಬೀಳುತ್ತದೆ. ಮೇಲಿನ ಖಾಲಿ ಪುಟದ ಕಥೆ ಇಲ್ಲೂ ಶುರು. ಜೊತೆಗೆ ಪೇಜ್ ಸೆಟಪ್‌ನಲ್ಲಿ ಒಂದು ನಿರ್ದಿಷ್ಟ ಪ್ರಿಂಟರ್ ಆರಿಸಿಟ್ಟಿದ್ದರೆ, ಆ ಪ್ರಿಂಟರ್ ಇಲ್ಲದ ಕಡೆ ತಕರಾರು ಬರುತ್ತದೆ. ಅಂಥ ಅಗತ್ಯ ಇಲ್ಲದಿದ್ದರೆ ಡೀಫಾಲ್ಟ್ ಪ್ರಿಂಟರ್ ಎಂದೇ ಬಿಡಿ.

ಕ್ವೆರಿಯಲ್ಲಿ ಅಕಾರಾದಿಯಾಗಿ ಜೋಡಿಸಿದ್ದೇನೆ. ರಿಪೋರ್ಟ್‌ನಲ್ಲಿ ಆ ಕ್ರಮ ಇಲ್ಲ.

ಕ್ವೆರಿಯ ಕ್ರಮವನ್ನು ರಿಪೋರ್ಟ್ ನಂಬುವುದಿಲ್ಲ. ಗುಂಪು ಮಾಡಿದ ಮೇಲಂತೂ ಪೂರ್ತಿ ಕಡೆಗಣಿಸುತ್ತದೆ. ರಿಪೋರ್ಟಿನ ಒಳಗೇ 'ಗ್ರೂಪ್, ಸಾರ್ಟ್ ಆಂಡ್ ಟೋಟಲ್' ಎಂಬ ಫಲಕ ಇದೆ. ಕ್ರಮವನ್ನು ಅಲ್ಲೇ ಹೇಳಿ.

ಮೊತ್ತ ತಪ್ಪಾಗಿ, ಜಾಸ್ತಿ ಬರುತ್ತಿದೆ. ಕೂಡುವುದಕ್ಕೂ ಬರುವುದಿಲ್ಲವೇ ಇದಕ್ಕೆ?

ಕೂಡುವುದರಲ್ಲಿ ತಪ್ಪಿಲ್ಲ. ಕೂಡಬೇಕಾದ ಸಾಲುಗಳೇ ಹೆಚ್ಚಾಗಿವೆ. ಒಂದು ಬಿಲ್ ತೆಗೆದುಕೊಳ್ಳಿ. ಅದರಲ್ಲಿ 3 ಸಾಮಾನು. ಹಣ ಬಂದದ್ದು 2 ಕಂತಿನಲ್ಲಿ, 400 ಮತ್ತು 600. ಬಿಲ್, ಸಾಮಾನು, ಕಂತು ಮೂರೂ ಟೇಬಲ್‌ಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸಿದರೆ ಪ್ರತಿ ಸಾಮಾನಿಗೂ ಪ್ರತಿ ಕಂತು ತಗಲಿಕೊಂಡು 3 × 2, ಅಂದರೆ 6 ಸಾಲು ಬರುತ್ತವೆ. ಬಂದ ಹಣ ಕೂಡಿದರೆ 1000 ಬದಲು 3000. ಸಾಮಾನಿನ ಮೊತ್ತ ಎರಡು ಪಟ್ಟು.

ಇದನ್ನು ಮುಚ್ಚಿಡಲು 'ಹೈಡ್ ಡೂಪ್ಲಿಕೇಟ್ಸ್' ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕಣ್ಣಿಗೆ ಕಾಣುವ ಸಾಲು ಕಡಿಮೆಯಾಗುತ್ತದೆ, ಮೊತ್ತ ಹಾಗೇ ತಪ್ಪಾಗಿ ಉಳಿಯುತ್ತದೆ. ನೋಡುವವರಿಗೆ ಗುಮಾನಿಯೂ ಬರುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಸರಿಯಾದ ದಾರಿ ಎಂದರೆ ಮುಖ್ಯ ರಿಪೋರ್ಟ್‌ನಲ್ಲಿ ಬಿಲ್ ಮಾತ್ರ ಇಟ್ಟು, ಸಾಮಾನಿಗೊಂದು, ಕಂತಿಗೊಂದು ಸಬ್‌ರಿಪೋರ್ಟ್ (ರಿಪೋರ್ಟಿನೊಳಗಿನ ಚಿಕ್ಕ ರಿಪೋರ್ಟ್) ಮಾಡುವುದು. ಇಲ್ಲವೇ ಕಂತುಗಳನ್ನು ಮೊದಲೇ ಬೇರೆ ಕ್ವೆರಿಯಲ್ಲಿ ಬಿಲ್‌ವಾರು ಕೂಡಿಸಿ, ಸಾಮಾನನ್ನೂ ಹಾಗೇ ಕೂಡಿಸಿ, ಬಿಲ್‌ಗೆ ಒಂದೊಂದೇ ಸಾಲು ಇರುವಾಗ ಜೋಡಿಸುವುದು. ಹೊಸ ರಿಪೋರ್ಟ್ ಮಾಡಿದಾಗ ಯಾವುದಾದರೂ ಒಂದು ಬಿಲ್ ಹಿಡಿದು ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ. ಐದು ನಿಮಿಷದ ಕೆಲಸ.

ಪ್ರತಿ ಪುಟದ ಕೆಳಗೆ ಆ ಪುಟದ ಮೊತ್ತ ಬೇಕು. ಪೇಜ್ ಫೂಟರ್‌ನಲ್ಲಿ ಹಾಕಿದರೆ '#ಎರರ್' ಬರುತ್ತದೆ.

ಆಕ್ಸೆಸ್‌ನಲ್ಲಿ ಮೊತ್ತದ ಸೂತ್ರ ಗ್ರೂಪ್ ಫೂಟರ್‌ನಲ್ಲಿ, ರಿಪೋರ್ಟ್ ಫೂಟರ್‌ನಲ್ಲಿ ಕೆಲಸ ಮಾಡುತ್ತದೆ, ಪೇಜ್ ಫೂಟರ್‌ನಲ್ಲಿ ಮಾಡುವುದಿಲ್ಲ. ಪುಟದ ಮೊತ್ತ ಬೇಕೇ ಬೇಕು ಎಂದರೆ ಸ್ವಲ್ಪ ಕೋಡ್ ಬರೆಯಬೇಕು. ಅದಕ್ಕಿಂತ ಸುಲಭ ಇನ್ನೊಂದಿದೆ. ಡೀಟೇಲ್‌ನಲ್ಲಿ ಮೊತ್ತದ ಫೀಲ್ಡನ್ನು (ಟೇಬಲ್ಲಿನ ಕಾಲಂ) ಇನ್ನೊಂದು ಸಲ ಇಟ್ಟು, ಅದರ 'ರನ್ನಿಂಗ್ ಸಮ್' ಗುಣವನ್ನು (ಪ್ರಾಪರ್ಟಿ) 'ಓವರ್ ಆಲ್' ಮಾಡಿ. ಪ್ರತಿ ಸಾಲಿನಲ್ಲೂ ಅಲ್ಲಿವರೆಗಿನ ಒಟ್ಟು ಮೊತ್ತ ಸಿಗುತ್ತದೆ.

ಸಾಲುಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಹಾಕುವುದು ಹೇಗೆ?

ಅದೇ ರನ್ನಿಂಗ್ ಸಮ್. ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು ಒಳಗೆ =1 ಎಂದು ಬರೆಯಿರಿ, ರನ್ನಿಂಗ್ ಸಮ್ 'ಓವರ್ ಆಲ್' ಮಾಡಿ. ಗುಂಪು ಬದಲಾದಾಗ ಮತ್ತೆ 1ರಿಂದ ಶುರುವಾಗಬೇಕಾದರೆ 'ಓವರ್ ಗ್ರೂಪ್'. ಆಟೋನಂಬರ್ ಫೀಲ್ಡನ್ನು (ಪ್ರತಿ ಹೊಸ ರೆಕಾರ್ಡಿಗೆ ಆಕ್ಸೆಸ್ ತಾನಾಗಿ ಕೊಡುವ ಸಂಖ್ಯೆ) ಕ್ರಮಸಂಖ್ಯೆಯಾಗಿ ಅಚ್ಚು ಹಾಕಬೇಡಿ. ರೆಕಾರ್ಡ್ ಅಳಿಸಿದ ಕಡೆಯೆಲ್ಲ ಸಂಖ್ಯೆ ತಪ್ಪಿಹೋಗಿ, 'ನಡುವಿನದು ಎಲ್ಲಿ?' ಎಂದು ಯಾರಾದರೂ ಕೇಳುತ್ತಾರೆ.

ರಿಪೋರ್ಟ್ ತೆರೆದ ಕೂಡಲೇ ಏನೋ ಮೌಲ್ಯ ಕೊಡಿ ಎಂದು ಪೆಟ್ಟಿಗೆ ಬರುತ್ತದೆ. ನಾನು ಅಂಥದ್ದೇನೂ ಇಟ್ಟಿಲ್ಲ.

ಆ ಪೆಟ್ಟಿಗೆಯಲ್ಲಿ ಒಂದು ಹೆಸರು ಇರುತ್ತದೆ, ಅದನ್ನು ಓದಿ. ಆ ಹೆಸರಿನ ಫೀಲ್ಡ್ ಆಕ್ಸೆಸ್‌ಗೆ ಸಿಗುತ್ತಿಲ್ಲ, ಅದಕ್ಕೆ ನಿಮ್ಮನ್ನೇ ಕೇಳುತ್ತಿದೆ. ಕಾಗುಣಿತ ತಪ್ಪಿರಬಹುದು, ಟೇಬಲ್‌ನಲ್ಲಿ ಹೆಸರು ಬದಲಿಸಿರಬಹುದು. ಕ್ವೆರಿ ಸರಿ ಇದ್ದರೂ ಪೆಟ್ಟಿಗೆ ಬರುತ್ತಿದ್ದರೆ ಗ್ರೂಪ್ ಮತ್ತು ಸಾರ್ಟ್ ಫಲಕ ನೋಡಿ. ಅಳಿಸಿದ ಫೀಲ್ಡಿನ ಹೆಸರು ಅಲ್ಲಿ ಉಳಿದುಬಿಟ್ಟಿರುತ್ತದೆ.

'#ನೇಮ್?' ಎಂದರೆ?

ಅದೂ ಹೆಸರಿನ ತಕರಾರೇ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಟೆಕ್ಸ್ಟ್ ಬಾಕ್ಸಿಗೂ ಫೀಲ್ಡಿಗೂ ಒಂದೇ ಹೆಸರಿದ್ದು, ಆ ಬಾಕ್ಸಿನೊಳಗೆ ಅದೇ ಫೀಲ್ಡ್ ಬಳಸಿ ಸೂತ್ರ ಬರೆದರೆ ಪ್ರೋಗ್ರಾಂ ಗೊಂದಲಕ್ಕೆ ಬಿದ್ದು ತಪ್ಪು ತೋರಿಸುತ್ತದೆ. ಬಾಕ್ಸಿನ ಹೆಸರು ಬದಲಿಸಿದರೆ ಆಯಿತು. ಇನ್ನು ರೆಕಾರ್ಡೇ ಇಲ್ಲದ ರಿಪೋರ್ಟ್‌ನಲ್ಲಿ ಮೊತ್ತದ ಜಾಗದಲ್ಲಿ '#ಎರರ್' ಬರುವುದುಂಟು. ಅದಕ್ಕೆ ರಿಪೋರ್ಟಿನ 'ನೋ ಡೇಟಾ' ಘಟನೆಯಲ್ಲಿ (ಇವೆಂಟ್, ಅಂದರೆ ಹಾಗಾದಾಗ ತಾನಾಗಿ ಕೋಡ್ ನಡೆಯುವ ಜಾಗ) 'ಈ ಷರತ್ತಿಗೆ ಯಾವ ರೆಕಾರ್ಡೂ ಇಲ್ಲ' ಎಂಬ ಸಂದೇಶ ತೋರಿಸಿ ಪ್ರಿಂಟ್ ರದ್ದು ಮಾಡಿ. ರದ್ದು ಮಾಡಿದಾಗ ಬಟನ್ನಿನ ಕೋಡ್‌ಗೆ 2501 ಎಂಬ ತಪ್ಪು ಸಂಖ್ಯೆ ಬರುತ್ತದೆ. ಅದನ್ನು ಹಿಡಿದು ಸುಮ್ಮನಾಗಿಸಿ, ಗಾಬರಿ ಬೇಡ.

ಉದ್ದದ ಟಿಪ್ಪಣಿ ಅರ್ಧಕ್ಕೇ ನಿಂತುಹೋಗುತ್ತದೆ.

ಎರಡು ಕಾರಣ ಇರಬಹುದು. ಪೆಟ್ಟಿಗೆಯ ಎತ್ತರ ಮುಗಿದಲ್ಲಿ ಬರಹ ನಿಂತಿದ್ದರೆ 'ಕ್ಯಾನ್ ಗ್ರೋ' ಗುಣವನ್ನು 'ಎಸ್' ಮಾಡಿ. ಪೆಟ್ಟಿಗೆಯಲ್ಲಿ ಜಾಗ ಇದ್ದರೂ ಬರಹ ನಿಂತಿದ್ದರೆ ಅಕ್ಷರ ಎಣಿಸಿ ನೋಡಿ. 255ಕ್ಕೆ ನಿಂತಿದ್ದರೆ ಕ್ವೆರಿಯದೇ ಕೆಲಸ. ಉದ್ದ ಬರಹದ ಫೀಲ್ಡನ್ನು 'ಗ್ರೂಪ್ ಬೈ' (ಗುಂಪು ಮಾಡುವುದು) ಮಾಡಿದರೆ, 'ಡಿಸ್ಟಿಂಕ್ಟ್' (ಒಂದೇ ತೆರನ ಸಾಲುಗಳಲ್ಲಿ ಒಂದನ್ನಷ್ಟೇ ಇಡುವುದು) ಹಾಕಿದರೆ, ಸಾದಾ 'ಯೂನಿಯನ್' (ಎರಡು ಕ್ವೆರಿಗಳ ಸಾಲು ಒಟ್ಟು ಸೇರಿಸುವುದು) ಬಳಸಿದರೆ ಆಕ್ಸೆಸ್ ಅದನ್ನು 255 ಅಕ್ಷರಕ್ಕೆ ಕತ್ತರಿಸುತ್ತದೆ. 'ಗ್ರೂಪ್ ಬೈ' ಬದಲು 'ಫಸ್ಟ್', 'ಯೂನಿಯನ್' ಬದಲು 'ಯೂನಿಯನ್ ಆಲ್' ಹಾಕಿ ನೋಡಿ.

ವಿಳಾಸದಲ್ಲಿ ಎರಡನೇ ಸಾಲು ಇಲ್ಲದವರಿಗೆ ನಡುವೆ ಖಾಲಿ ಜಾಗ ಬರುತ್ತದೆ.

'ಕ್ಯಾನ್ ಶ್ರಿಂಕ್' ಅನ್ನು 'ಎಸ್' ಮಾಡಿ. ಆದರೆ ಅದೇ ಮಟ್ಟದಲ್ಲಿ ಪಕ್ಕದಲ್ಲಿ ಇನ್ನೇನಾದರೂ ಇದ್ದರೆ ಆ ಜಾಗ ಕುಗ್ಗುವುದಿಲ್ಲ. 'ವಿಳಾಸ 2' ಎಂಬ ಲೇಬಲ್ ಇದ್ದರೂ ಸಾಕು. ಇಡೀ ವಿಳಾಸವನ್ನು ಒಂದೇ ಪೆಟ್ಟಿಗೆಯಲ್ಲಿ ಸೂತ್ರದಿಂದ ಕಟ್ಟುವುದು ಹೆಚ್ಚು ಗಟ್ಟಿ. ಅದಕ್ಕೊಂದು ಚಿಕ್ಕ ಉಪಾಯ ಇದೆ. ಸೂತ್ರದಲ್ಲಿ + ಚಿಹ್ನೆ ಬಳಸಿದರೆ ಒಂದು ಕಡೆ ನಲ್ (ಏನೂ ತುಂಬದ ಖಾಲಿ ಮೌಲ್ಯ) ಇದ್ದಾಗ ಇಡೀ ಜೋಡಿಯೇ ನಲ್ ಆಗುತ್ತದೆ; & ಬಳಸಿದರೆ ಹಾಗಾಗುವುದಿಲ್ಲ. ಆದ್ದರಿಂದ ವಿಳಾಸದ ಸಾಲನ್ನೂ ಸಾಲು ಮುರಿಯುವ ಗುರುತನ್ನೂ + ನಿಂದ ಕೂಡಿಸಿ ಆವರಣದಲ್ಲಿ ಹಾಕಿ, ಅಂಥ ತುಂಡುಗಳನ್ನು & ನಿಂದ ಸೇರಿಸಿ. ಇಲ್ಲದ ಸಾಲು ತನ್ನ ಜಾಗವನ್ನೂ ಜೊತೆಗೇ ತೆಗೆದುಕೊಂಡು ಹೋಗುತ್ತದೆ.

ಪ್ರತಿ ಗ್ರಾಹಕರ ವಿವರ ಹೊಸ ಪುಟದಿಂದ ಶುರುವಾಗಬೇಕು.

ಗ್ರಾಹಕರ ಮೇಲೆ ಗುಂಪು ಮಾಡಿ, ಗ್ರೂಪ್ ಹೆಡರ್‌ನ 'ಫೋರ್ಸ್ ನ್ಯೂ ಪೇಜ್' ಗುಣವನ್ನು 'ಬಿಫೋರ್ ಸೆಕ್ಷನ್' ಮಾಡಿ. ಒಬ್ಬರ ವಿವರ ಎರಡು ಮೂರು ಪುಟ ಹೋಗುವಂತಿದ್ದರೆ 'ರಿಪೀಟ್ ಸೆಕ್ಷನ್' ಕೂಡ ಹಾಕಿ, ಪ್ರತಿ ಪುಟದಲ್ಲೂ ಅವರ ಹೆಸರು ಬರುತ್ತದೆ. ಪುಟ ಸಂಖ್ಯೆ ಪ್ರತಿಯೊಬ್ಬರಿಗೂ 1ರಿಂದ ಶುರುವಾಗಲು ಗ್ರೂಪ್ ಹೆಡರ್‌ನ 'ಆನ್ ಫಾರ್ಮ್ಯಾಟ್' ಘಟನೆಯಲ್ಲಿ, ಗ್ರಾಹಕರು ಬದಲಾದಾಗ ಮಾತ್ರ, ಪೇಜ್ ಮೌಲ್ಯವನ್ನು 1 ಮಾಡಿ. ಈ ಘಟನೆ ಪ್ರಿಂಟ್ ಪ್ರಿವ್ಯೂನಲ್ಲಿ, ಪ್ರಿಂಟ್‌ನಲ್ಲಿ ನಡೆಯುತ್ತದೆ. ರಿಪೋರ್ಟ್ ವ್ಯೂನಲ್ಲಿ (ಪುಟಗಳಾಗಿ ಒಡೆಯದೆ ತೆರೆಯಲ್ಲಿ ತೋರಿಸುವ ನೋಟ) ನಡೆಯುವುದಿಲ್ಲ, ಅಲ್ಲಿ ನೋಡಿ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಬೇಡಿ.

ಸಬ್‌ರಿಪೋರ್ಟಿನ ಕಾಲಂ ಶೀರ್ಷಿಕೆಗಳು ಮಾಯವಾಗಿವೆ.

ಸಬ್‌ರಿಪೋರ್ಟಿನ ಪೇಜ್ ಹೆಡರ್, ಪೇಜ್ ಫೂಟರ್ ಅಚ್ಚಾಗುವುದೇ ಇಲ್ಲ. ಶೀರ್ಷಿಕೆಗಳನ್ನು ಅದರ ರಿಪೋರ್ಟ್ ಹೆಡರ್‌ಗೆ ಸಾಗಿಸಿ. ಮುಂದಿನ ಪುಟದಲ್ಲೂ ಬೇಕಾದರೆ =1 ಎಂಬ ಸೂತ್ರದ ಮೇಲೆ ಒಂದು ಗುಂಪು ಮಾಡಿ, ಆ ಗ್ರೂಪ್ ಹೆಡರ್‌ಗೆ 'ರಿಪೀಟ್ ಸೆಕ್ಷನ್' ಹಾಕಿ.

ಪ್ರಿವ್ಯೂ ತೆರೆಯಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ.

'ಪುಟ 1 / 240' ಎಂದು ಹಾಕಿದ್ದೀರಾ? ಒಟ್ಟು ಪುಟ ಎಷ್ಟು ಎಂದು ತಿಳಿಯಲು ಮೊದಲ ಪುಟ ತೋರಿಸುವ ಮುಂಚೆ ಇಡೀ ರಿಪೋರ್ಟನ್ನು ಒಮ್ಮೆ ಜೋಡಿಸಿ ನೋಡಲೇಬೇಕು. ದೊಡ್ಡ ರಿಪೋರ್ಟ್‌ಗೆ ಬರೀ 'ಪುಟ 1' ಸಾಕು.

ಲೇಬಲ್ ಹಾಳೆಯಲ್ಲಿ ಕೆಳಗೆ ಹೋದಂತೆ ಬರಹ ಸರಿಯುತ್ತಾ ಹೋಗುತ್ತದೆ.

ಪ್ರಿಂಟ್ ಪೆಟ್ಟಿಗೆಯಲ್ಲೋ ಪಿಡಿಎಫ್ ಓದುವ ಪ್ರೋಗ್ರಾಂನಲ್ಲೋ 'ಫಿಟ್ ಟು ಪೇಜ್' ಆನ್ ಆಗಿರುತ್ತದೆ. ಅಳತೆ 100% ಇರಲಿ. ಮೊದಲು ಸಾದಾ ಹಾಳೆಯಲ್ಲಿ ತೆಗೆದು, ಲೇಬಲ್ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಅರ್ಧ ಬಳಸಿದ ಲೇಬಲ್ ಹಾಳೆಯನ್ನು ಲೇಸರ್ ಪ್ರಿಂಟರ್‌ಗೆ ಮತ್ತೆ ಹಾಕುವ ಆಸೆ ಬೇಡ. ಬಿಸಿಗೆ ಲೇಬಲ್ ಎದ್ದು ಒಳಗೇ ಅಂಟಿಕೊಳ್ಳಬಹುದು.

ಕನ್ನಡ ಅಕ್ಷರಗಳು ಚೌಕ ಚೌಕವಾಗಿ ಬರುತ್ತವೆ, ಅಥವಾ ಒತ್ತಕ್ಷರ ಕತ್ತರಿಸಿ ಹೋಗುತ್ತದೆ.

ಚೌಕ ಬಂದರೆ ಆ ಫಾಂಟ್‌ನಲ್ಲಿ ಕನ್ನಡ ಇಲ್ಲ ಎಂದರ್ಥ. ವಿಂಡೋಸ್‌ನ ತುಂಗಾ, ನಿರ್ಮಲಾ ಯುಐ, ಅಥವಾ ನೋಟೋ ಸಾನ್ಸ್ ಕನ್ನಡ ಹಾಕಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಮಾಹಿತಿಯನ್ನು ಯೂನಿಕೋಡ್‌ಗಿಂತ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಅದೇ ಫಾಂಟ್ ಹಾಕಿದರೆ ಓದಬಹುದು, ಆದರೆ ಜೋಡಣೆ, ಹುಡುಕಾಟ ಎರಡೂ ಕೆಡುತ್ತವೆ. ಒಮ್ಮೆ ಕೂತು ಯೂನಿಕೋಡ್‌ಗೆ ಬದಲಿಸಿಕೊಳ್ಳುವುದೇ ಮೇಲು.

ಒತ್ತಕ್ಷರದ ತೊಂದರೆ ಬೇರೆ. ಟೆಕ್ಸ್ಟ್ ಬಾಕ್ಸಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ್ದರೆ 'ಸ್ತ್ರೀ', 'ರಾಷ್ಟ್ರ' ಎಂಬ ಪದಗಳ ಕೆಳಭಾಗ ಹಾರಿಹೋಗುತ್ತದೆ. ಪೆಟ್ಟಿಗೆಯನ್ನು ಸ್ವಲ್ಪ ಎತ್ತರ ಮಾಡಿ, ಇಂಥ ಪದಗಳನ್ನೇ ಹಾಕಿ ಪರೀಕ್ಷಿಸಿ.

ಲಿಬ್ರೆಆಫೀಸ್ ಬೇಸ್‌ನಲ್ಲಿ ಟೇಬಲ್ ಪ್ರಿಂಟ್ ಮಾಡುವುದು ಎಲ್ಲಿಂದ?

ಟೇಬಲ್ ಕಿಟಕಿಯಿಂದ ನೇರವಾಗಿ ಆಗುವುದಿಲ್ಲ. ಟೇಬಲ್ ಅಥವಾ ಕ್ವೆರಿಯನ್ನು ನಕಲು ಮಾಡಿ ಕ್ಯಾಲ್ಕ್‌ನಲ್ಲಿ (ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್) ಅಂಟಿಸಿ, ಅಲ್ಲಿಂದ ಪ್ರಿಂಟ್ ಕೊಡಿ. ಅಚ್ಚುಕಟ್ಟಾಗಿ ಬೇಕಾದರೆ ರಿಪೋರ್ಟ್ ಬಿಲ್ಡರ್ ಇದೆ, ಅದಕ್ಕೆ ಜಾವಾ ಇರಬೇಕು. ರಿಪೋರ್ಟ್ ನಡೆಸಿದಾಗ ಅದು ರೈಟರ್ (ಲಿಬ್ರೆಆಫೀಸ್‌ನ ಬರಹದ ಪ್ರೋಗ್ರಾಂ) ಕಡತವಾಗಿ ತೆರೆದುಕೊಳ್ಳುತ್ತದೆ.

ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲೈಟ್‌ನಲ್ಲಿ ಪ್ರಿಂಟ್ ಆದೇಶವೇ ಇಲ್ಲವಲ್ಲ?

ಅವು ಮಾಹಿತಿ ಇಟ್ಟುಕೊಳ್ಳುವ ಇಂಜಿನ್‌ಗಳು, ಅಚ್ಚು ಹಾಕುವುದು ಅವುಗಳ ಕೆಲಸವಲ್ಲ. ಸಿಎಸ್‌ವಿ ಕಡತವಾಗಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಬರಹ) ಹೊರತೆಗೆದು ಎಕ್ಸೆಲ್‌ನಲ್ಲಿ ಪ್ರಿಂಟ್ ಮಾಡುವುದು ಸಾಮಾನ್ಯ ದಾರಿ. ಆದರೆ ಸಿಎಸ್‌ವಿಯನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. 00457 ಇದ್ದದ್ದು 457 ಆಗುತ್ತದೆ. ಎಕ್ಸೆಲ್ 15 ಅಂಕಿಗಳನ್ನಷ್ಟೇ ನೆನಪಿಡುವುದರಿಂದ ಅದಕ್ಕಿಂತ ಉದ್ದದ ಖಾತೆ ಸಂಖ್ಯೆಗಳ ಬಾಲ ಸೊನ್ನೆಯಾಗುತ್ತದೆ. ಡೇಟಾ ಮೆನುವಿನಿಂದ ಆಮದು ಮಾಡಿ, ಅಂಥ ಕಾಲಂಗಳನ್ನು 'ಟೆಕ್ಸ್ಟ್' ಎಂದು ಹೇಳಿ. ಮೇಲಿನ ಸಾಲನ್ನು 'ಫ್ರೀಜ್' ಮಾಡಿದರೆ ಅದು ತೆರೆಗೆ ಮಾತ್ರ. ಪ್ರತಿ ಪುಟದಲ್ಲಿ ಶೀರ್ಷಿಕೆ ಬರಲು 'ಪ್ರಿಂಟ್ ಟೈಟಲ್ಸ್' ಬೇಕು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಉದ್ದನೆಯ ಮಡಿಕೆ ಕಾಗದ. ಕೆಲವು ಪುಟಗಳಾದ ಮೇಲೆ ಸಾಲು ತಪ್ಪುತ್ತದೆ.

11 ಇಂಚಿನ ಕಾಗದ, ಇಂಚಿಗೆ 6 ಸಾಲು ಎಂದರೆ ಪುಟಕ್ಕೆ 66 ಸಾಲು. ಪ್ರೋಗ್ರಾಂ, ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ), ಕಾಗದ ಮೂರೂ ಈ ಲೆಕ್ಕಕ್ಕೆ ಒಪ್ಪಬೇಕು. ಡ್ರೈವರ್‌ನಲ್ಲಿ ಎ4 ಎಂದಿದ್ದರೆ ಪ್ರತಿ ಪುಟಕ್ಕೂ ಸುಮಾರು 18 ಮಿ.ಮೀ. ಜಾರುತ್ತದೆ.

ಪ್ರತಿ ರಿಪೋರ್ಟ್‌ನಲ್ಲೂ ಇರಲೇಬೇಕಾದದ್ದು ಏನು?

ಪ್ರಿಂಟ್ ತೆಗೆದ ತಾರೀಕು ಮತ್ತು ಸಮಯ, ಜೊತೆಗೆ ಯಾವ ಷರತ್ತಿನ ಮೇಲೆ ತೆಗೆದದ್ದು ಎಂಬುದು. 'ಬಾಕಿ ಪಟ್ಟಿ' ಎಂದಷ್ಟೇ ಇದ್ದರೆ ಎಲ್ಲರದ್ದೋ, ಈ ತಿಂಗಳದ್ದೋ ಯಾರಿಗೆ ಗೊತ್ತು? ಬಣ್ಣ, ಲೋಗೋಗಿಂತ ನನಗೆ ಈ ಒಂದು ಸಾಲು ಮುಖ್ಯ.

ಪ್ರಿಂಟ್ ಆದ ರೆಕಾರ್ಡ್‌ಗಳಿಗೆ 'ಪ್ರಿಂಟ್ ಆಗಿದೆ' ಎಂದು ತಾನಾಗಿಯೇ ಗುರುತು ಬೀಳುವಂತೆ ಮಾಡಬಹುದೇ?

ರಿಪೋರ್ಟಿನ ಘಟನೆಗಳಲ್ಲಿ ಗುರುತು ಹಾಕಿದರೆ ಮೋಸ ಹೋಗುತ್ತೀರಿ. ಅವು ಪ್ರಿವ್ಯೂ ನೋಡಿದಾಗಲೂ ನಡೆಯುತ್ತವೆ. ಪ್ರಿಂಟ್‌ಗೆ ಕಳಿಸಿದರೂ ಕಾಗದ ಸಿಕ್ಕಿಹಾಕಿಕೊಂಡಿತೇ, ಶಾಯಿ ಮುಗಿಯಿತೇ ಎಂಬುದು ಡೇಟಾಬೇಸ್‌ಗೆ ತಿಳಿಯುವುದಿಲ್ಲ.

ಹೀಗೆ ಮಾಡಿ. ಮೊದಲು ಪ್ರಿಂಟ್ ಆಗಬೇಕಾದ ರೆಕಾರ್ಡ್‌ಗಳಿಗೆಲ್ಲ ಒಂದು ಕಟ್ಟಿನ (ಬ್ಯಾಚ್) ಸಂಖ್ಯೆ ಹಾಕಿ. ಆ ಸಂಖ್ಯೆ ಇರುವವನ್ನು ಮಾತ್ರ ಅಚ್ಚು ಹಾಕಿ. ಆಮೇಲೆ 'ಎಲ್ಲ ಸರಿಯಾಗಿ ಬಂತಾ?' ಎಂದು ಒಂದು ಪೆಟ್ಟಿಗೆ ಕೇಳಲಿ. ಹೌದು ಎಂದರೆ ಮಾತ್ರ ಅಪ್‌ಡೇಟ್ ಕ್ವೆರಿ ಆ ಕಟ್ಟಿಗೆ ತಾರೀಕು ಹಾಕಲಿ. ನೀವು ಪ್ರಿಂಟ್ ತೆಗೆಯುತ್ತಿರುವಾಗ ಇನ್ನೊಬ್ಬರು ಹೊಸ ರೆಕಾರ್ಡ್ ಸೇರಿಸಿದರೂ ಅದು ಈ ಕಟ್ಟಿಗೆ ಸೇರುವುದಿಲ್ಲ. ಆ ಪೆಟ್ಟಿಗೆಗೆ 'ಇಲ್ಲ' ಎಂದು ಉತ್ತರಿಸಿದರೆ ಅದೇ ಸಂಖ್ಯೆ ಕೊಟ್ಟು ಅದೇ ಕಟ್ಟನ್ನು ಇನ್ನೊಮ್ಮೆ ತೆಗೆಯಬಹುದು.